ರಾಗಿ ಕೋಣೆ ಚಿಲಕ

ಅವಳ ಮನೆಗೂ ನಮ್ಮನೆಗೂ ಗೋಡೆ ಒಂದೇ. ಆ ಕಡೆ ಒಗ್ಗರಣೆ ಹಾಕಿದ್ರೆ ಈ ಕಡೆ ನಂಗೆ ಸೀನು ಬರ್ತೈತೆ. ಅಂಥಾದ್ರಲ್ಲಿ ಅವ್ಳು ನಮ್ಮನೆಗೆ ಬರೋಕೆ ಮುಂಚೆ ಫೋನ್ ಮಾಡಿ ಕೇಳೋಳು.

"ಅಜ್ಜಿ, ನಾಲ್ಕು ಗಂಟೆಗೆ ಫ್ರೀ ಇದೀಯಾ? ಬರ್ಲಾ?"

ಫೋನಲ್ಲೂ ಅವ್ಳ ದನಿ, ಗೋಡೆಯಿಂದ್ಲೂ ಅವ್ಳ ದನಿ. ನಾನು ಫೋನ್ ಬಿಟ್ಟು ಗೋಡೆಗೇ ಉತ್ರ ಕೊಡ್ತಿದ್ದೆ. "ಬಾರೇ, ನನ್ನ ಮೀಟಿಂಗು ಈಗ ತಾನೇ ಮುಗೀತು!"

ಅಷ್ಟೊತ್ತಿಗೆ ಅವ್ಳಮ್ಮ ರತ್ನಿ ಆ ಕಡೆ ಅಡುಗೆಮನೇಲಿ ಪಾತ್ರೆ ಕುಕ್ಕಿದ ಸದ್ದು ಬರೋದು. "ಪಕ್ಕದ್ಮನೆಗೆ ಹೋಗೋಕೆ ಪರ್ಮಿಷನ್ ಅಂತೆ! ನಾಳೆ ನನ್ನ ಅಡುಗೆಮನೆಗೂ ಫೋನ್ ಮಾಡ್ಕೊಂಡು ಬಾ!"

ಹುಡ್ಗಿ ಹೆಸ್ರು ಬರಿಯಲ್ಲ. ಬರುದ್ರೆ ಬಂದು ನನ್ನ ಕಿವಿ ಹಿಂಡ್ತಾಳೆ. ಬಂದು ಹಿಂಡ್ಲಿ ಅಂತ ಒಂದು ಮನಸು. ಬರೋಕಾದ್ರೂ ಒಂದು ನೆವ ಆಗ್ತಿತ್ತು. ಆದ್ರೂ ಬರಿಯಲ್ಲ.

ಈಗ ಅವ್ಳು ಹಿರಿಯೂರಲ್ಲಿದಾಳೆ. ಅಷ್ಟಕ್ಕೇ ಇಷ್ಟುದ್ದ ಬರೀತೀಯಾ ಅಂತ ನನ್ನ ಮಗ ನಗ್ತಾನೆ. ಹೊಳಲ್ಕೆರೆಯಿಂದ ಹಿರಿಯೂರೇನು ಸಮುದ್ರದಾಚೆನಾ, ಚಿತ್ರದುರ್ಗಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು, ಅಂತಾನೆ. ಹೌದಪ್ಪ. ಆದ್ರೆ ನಾಲ್ಕು ಗಂಟೆಗೆ ಗೋಡೆ ಮಾತಾಡಲ್ಲ ಈಗ. ಅದನ್ನ ಯಾವ ಬಸ್ಸಲ್ಲಿ ಹೋಗಿ ತರ್ಲಿ?

ಇದನ್ನೆಲ್ಲ ಫೋನಲ್ಲಿ ಒಂದೇ ಬೆರಳಲ್ಲಿ ಕುಟ್ತಿದೀನಿ. ಖಾರ ಕುಟ್ಟಿದ ಕೈ ನಂದು, ಫೋನು ಪಾಪ ಹೆದ್ರುತೈತೆ. ಈ ವಿದ್ಯೆ ಕಲ್ಸಿದ್ದು ಅವ್ಳೇ. ಕಲ್ಸಿದ್ದು ಅಂದ್ರೆ, ಮೊದ್ಲು ಕಲ್ಸಿರ್ಲಿಲ್ಲ. ಕಲಿಸ್ತಿದಾಳೆ ಅಂತ ನಾವಿಬ್ರೂ ಸುಳ್ಳು ಹೇಳಿದ್ವಿ. ಆಮೇಲೆ ಆ ಸುಳ್ಳು ನಿಜ ಮಾಡ್ಬೇಕಾಗಿ ಬಂತು. ಅದನ್ನೇ ಹೇಳ್ತೀನಿ ಕೇಳ್ರಿ.

ಅವ್ಳ ತಾತಂದು ತಾಳ್ಯದ ಕಡೆ ಕುರಿ ಮಂದೆ. ಈಗ್ಲೂ ಅವ್ಳ ಚಿಕ್ಕಪ್ಪನ ಹತ್ರ ಒಂದಿಷ್ಟು ಕುರಿ ಅವೆ. ಅಪ್ಪ ಲೈನ್‌ಮ್ಯಾನ್ ಕೆಲ್ಸ ಸಿಕ್ಕಿ ಹೊಳಲ್ಕೆರೆಗೆ ಬಂದ, ನಮ್ಮ ಪಕ್ಕದಲ್ಲೇ ಮನೆ ಕಟ್ಟಿಸ್ದ. ಹುಡ್ಗಿ ಓದೋದ್ರಲ್ಲಿ ಚುರುಕು. ಸ್ಕಾಲರ್‌ಶಿಪ್ ಸಿಕ್ತು, ಜರ್ಮನಿಗೆ ನೀರಿನ ಓದು ಓದೋಕೆ ಹೊರಟ್ಲು.

"ನೀರಲ್ಲಿ ಓದೋಕೆ ಏನೈತೇ?" ಅಂದೆ.

"ನೆಲದೊಳಗಿನ ನೀರು ಅಜ್ಜಿ. ಬೋರ್‌ವೆಲ್ಲಿಗೆ ಬರ್ತೈತಲ್ಲ, ಅದು."

"ಅದಕ್ಕೆ ಅಷ್ಟು ದೂರ ಯಾಕೆ? ನಮ್ಮೂರಲ್ಲೇ ದಿನಾ ಕೊರೀತಾ ಇರ್ತಾರಲ್ಲ."

"ಅದಕ್ಕೇ ಅಜ್ಜಿ," ಅಂದ್ಲು. ಅಷ್ಟೇ ಅಂದ್ಲು. ಅವ್ಳು ಹಂಗೇ, ಒಂದು ಮಾತಾಡಿ ನಿಲ್ಲಿಸ್ಬಿಡ್ತಾಳೆ, ಉಳಿದಿದ್ದು ನಾವು ಹುಡುಕ್ಕಬೇಕು.

ಹೋಗುವಾಗ ಚಿಕ್ಕಪ್ಪ ಒಂದು ಕರೀ ಕಂಬಳಿ ತಂದ್ಕೊಟ್ಟ. ವಿಮಾನದಾಗೆ ಕಂಬಳಿ ಒಯ್ತಾರೇನೋ ಅಂತ ಓಣಿಯೋರೆಲ್ಲ ನಕ್ರು. ಅವ್ಳು ಮಾತ್ರ ಬಟ್ಟೆ ಕಡಿಮೆ ಮಾಡಿ ಕಂಬಳಿ ತುರುಕ್ಕೊಂಡ್ಲು.

ಅಲ್ಲಿಗೆ ಹೋದ ಹೊಸದ್ರಲ್ಲಿ ಯಾರೋ ಗೆಳತಿ ಮನೆಗೆ ಊಟಕ್ಕೆ ಕರುದ್ರಂತೆ. ಇವ್ಳು ನಮ್ಮೂರ ಮರ್ಯಾದೆ ಬಿಡ್ತಾಳಾ? "ಇನ್ನೊಂಚೂರು ಹಾಕ್ಲಾ?" ಅಂತ ಕೇಳಿದ್ದಕ್ಕೆ "ಬೇಡ" ಅಂದ್ಲಂತೆ. ನಮ್ಮಲ್ಲಾದ್ರೆ ಬೇಡ ಅಂದೋರಿಗೆ ಇನ್ನೊಂದ್ಸಲ ಕೇಳ್ಬೇಕು, ಆಗ್ಲೂ ಬೇಡ ಅನ್ಬೇಕು, ಮೂರ್ನೇ ಸಲ ಕೇಳದೇನೇ ತಟ್ಟೆಗೆ ಸುರೀಬೇಕು. ಅವ್ರು ಒಂದ್ಸಲ ಕೇಳಿದ್ರು, ಆಯ್ತು ಅಂತ ಪಾತ್ರೆ ಎತ್ತಿ ಒಳಗಿಟ್ರು. ಹುಡ್ಗಿ ಅರೆಹೊಟ್ಟೇಲಿ ರೂಮಿಗೆ ಬಂದು ಕಂಬಳಿ ಹೊದ್ಕೊಂಡು ಅತ್ಲಂತೆ. "ಹಸಿವಿಗೆ ಅಲ್ಲ ಅಜ್ಜಿ, ಇನ್ನೊಂದ್ಸಲ ಕೇಳ್ಲಿಲ್ವಲ್ಲ ಅಂತ."

ಅಲ್ಲಿ ಭಾನುವಾರ ಅಂಗಡಿ ತೆಗಿಯಲ್ವಂತೆ. ಮನೆ ಒಳಗೂ ಗಲಾಟೆ ಮಾಡಂಗಿಲ್ವಂತೆ. ಅಂಥ ಊರಲ್ಲಿ ನಾನಿದ್ದಿದ್ರೆ ಸೋಮವಾರ ಬೆಳಿಗ್ಗೆ ನನ್ನ ಹೆಣ ಎತ್ಬೇಕಿತ್ತು. ಅವ್ಳಿಗೂ ಮೊದ್ಮೊದ್ಲು ತಡಿಯೋಕಾಗ್ಲಿಲ್ಲ. ಭಾನುವಾರ ಅಮ್ಮನಿಗೆ ಫೋನ್ ಮಾಡಿ, "ಮಾತಾಡ್ಬೇಡ, ಫೋನ್ ಅಡುಗೆ ಕಟ್ಟೆ ಮೇಲಿಟ್ಟು ನಿನ್ ಕೆಲ್ಸ ಮಾಡ್ಕ" ಅನ್ನೋಳು. ರತ್ನಿ ಒಂದು ಲೋಟಕ್ಕೆ ಫೋನ್ ಒರಗ್ಸಿ ಇಡೋಳು. ಕುಕ್ಕರ್ ಕೂಗೋದು, ರತ್ನಿ ಅತ್ತೆ ಮಂಚದ ಮೇಲಿಂದ "ಯಾರ್ ಬಂದ್ರೇ" ಅನ್ನೋದು, ಬೀದೀಲಿ ಯಾರೋ ನಿಂತು "ಅಣ್ಣಾ, ಕರೆಂಟು ಹೋಗೈತೆ ಬರ್ರಣ್ಣಾ" ಅಂತ ಲೈನ್‌ಮ್ಯಾನ್‌ನ ಕೂಗೋದು, ಇದನ್ನೆಲ್ಲ ಕೇಳ್ತಾ ಹುಡ್ಗಿ ಆ ಕಡೆ ಕುಂತು ಓದ್ಕಳೋಳು. ನಾನೂ ಒಂದೆರಡು ಸಲ ಹೋಗಿ ಲೋಟದ ಹತ್ರ ಬೇಕಂತ್ಲೇ ಜೋರಾಗಿ ಕೆಮ್ಮಿ ಬಂದಿದೀನಿ, ನನ್ನ ಸದ್ದೂ ಜರ್ಮನಿಗೆ ಹೋಗ್ಲಿ ಅಂತ.

ಇಷ್ಟೊಂದು ಸದ್ದು ಬೇಕು ಬೇಕು ಅಂತಿದ್ದೋಳು ಓದು ಮುಗಿಸ್ಕೊಂಡು ಬಂದ್ಲು ನೋಡ್ರಿ, ಬಂದ್ಮೇಲೆ ಆ ಸದ್ದೇ ಅವ್ಳಿಗೆ ಆಗ್ಲಿಲ್ಲ.

ಮೊದ್ಲು ನಮಗೆ ಗೊತ್ತಾಗ್ಲಿಲ್ಲ. ಎಡವಟ್ಟು ಮಾಡ್ಕೊಂಡು ನಗಿಸ್ತಿದ್ಲು. ದುರ್ಗದ ಬಸ್ಸಿಗೆ ಅಂತ ಬಸ್‌ಸ್ಟ್ಯಾಂಡಿಗೆ ಹೋಗಿ ಲೈನಲ್ಲಿ ನಿಂತ್ಲು. ಲೈನು ಅಂದ್ರೆ ಅವ್ಳೊಬ್ಳೇ. ಬಸ್ ಬಂತು, ಜನ ಕಿಟಕೀಲಿ ಟವಲ್ ಎಸೆದು ಸೀಟು ಹಿಡುದ್ರು, ಬಸ್ ತುಂಬಿ ಹೋತು. ಇವ್ಳು ಇನ್ನೂ ಲೈನಲ್ಲೇ. ಮುಂದಿನ ಬಸ್ಸೂ ಹೋತು. ಕಂಡಕ್ಟ್ರು ಬಾಗ್ಲಲ್ಲಿ ನೇತಾಡ್ತಾ, "ಏನಮ್ಮ, ಬಸ್ಸಿಗೆ ಆರತಿ ಎತ್ತೋಕೆ ಬಂದೀಯಾ?" ಅಂದ್ನಂತೆ. ಬೆವರ್ಕೊಂಡು ಮನೆಗೆ ವಾಪಸ್ ಬಂದ್ಲು.

"ದುಪಟ್ಟ ಎಸೀಬೇಕಿತ್ತಲ್ಲೇ," ಅಂದೆ.

"ನಾಚ್ಕೆ ಆಗ್ತೈತೆ ಅಜ್ಜಿ."

"ದುಪಟ್ಟಕ್ಕಾ, ನಿನಗಾ?"

ಆಮೇಲೆ ಭೀಮಸಮುದ್ರದಿಂದ ಅವ್ಳ ಸೋದರತ್ತೆ ಬಂದ್ಲು. ಅಡಿಕೆ ಮನೆಯೋಳು, ಕುತ್ಗೆ ತುಂಬ ಬಂಗಾರ, ಬಾಯ್ತುಂಬ ಮಾತು. ಹುಡ್ಗಿ ಮರ್ಯಾದೆಯಿಂದ ಕೇಳಿದ್ಲು, "ಅತ್ತೆ, ಕಾಫಿ ಮಾಡ್ಲಾ?" ಅತ್ತೆ, "ಅಯ್ಯೋ ಬೇಡ ಕಣೇ, ಈಗ ತಾನೇ ಕುಡ್ದೆ" ಅಂದ್ಲು. ಇವ್ಳು "ಸರಿ ಅತ್ತೆ" ಅಂತ ಎದುರಿಗೆ ಕುಂತ್ಕಂಡ್ಲು. ಎದ್ದೇಳ್ಲೇ ಇಲ್ಲ! ಅತ್ತೆ ಕಾದ್ಲು. ಬಿಸಿಲಿನ ಮಾತಾಡಿದ್ಲು, ಗಂಟಲು ಒಣಗ್ತೈತೆ ಅಂದ್ಲು. ಹುಡ್ಗಿ ಚೊಂಬಲ್ಲಿ ನೀರು ತಂದ್ಕೊಟ್ಲು. ರತ್ನಿ ಹಾಲಿನ ಡೈರಿಯಿಂದ ಬರೋಷ್ಟೊತ್ತಿಗೆ ಅತ್ತೆ ಚಪ್ಲಿ ಮೆಟ್ಟಿಯಾಗಿತ್ತು. "ಏನೋ ತಾಯಿ, ಫಾರಿನ್ ಮನೇಲಿ ಕಾಫಿ ಕೊಡಲ್ಲ ಅಂತ ಗೊತ್ತಿರ್ಲಿಲ್ಲ" ಅಂತ ಹೋದೋಳು ಭೀಮಸಮುದ್ರಕ್ಕೆಲ್ಲ ಸಾರಿದ್ಲು.

ಅವತ್ತು ನಾನು ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡು ಕುಂತಿದ್ದೆ. ಹುಡ್ಗಿ ನಗ್ಲಿಲ್ಲ. "ಅಲ್ಲಿ ಬೇಡ ಅಂದ್ರೆ ಬೇಡ ಅಂತ ಕಲಿಯೋಕೆ ನಂಗೆ ಒಂದು ಚಳಿಗಾಲ ಹಿಡೀತು ಅಜ್ಜಿ. ಈಗ ಅದನ್ನ ಮರಿಯೋಕೆ ಎಷ್ಟು ಬೇಸಿಗೆ ಬೇಕೋ," ಅಂದ್ಲು.

ಒಂದಿನ ಮಧ್ಯಾಹ್ನ ಫೋನ್ ಮಾಡದೇ ಬಂದ್ಲು. ಕಣ್ಣು ಕೆಂಪಗಿದ್ವು.

"ಅಜ್ಜಿ, ನಿಮ್ಮ ರಾಗಿ ಕೋಣೆ ಬಾಗ್ಲಿಗೆ ಚಿಲಕ ಐತಾ?"

"ಐತೆ. ಯಾಕೆ?"

"ಒಳಗಡೆಯಿಂದ?"

"ಯಾಕೇ, ಏನಾತೇ?"

"ಏನಿಲ್ಲ ಅಜ್ಜಿ. ಒಂದು ಗಂಟೆ ಒಬ್ಳೇ ಕುಂತ್ಕಬೇಕು."

"ಕುಂತ್ಕಂಡು?"

"ಅಷ್ಟೇ. ಕುಂತ್ಕಬೇಕು."

ಅವ್ರ ಮನೇಲಿ ಒಂದು ಹಾಲು, ಒಂದು ರೂಮು. ರೂಮಿಗೆ ಬಾಗ್ಲು ಅಂತ ಒಂದೈತೆ, ಆದ್ರೆ ಅದನ್ನ ಹಾಕಿದ್ದು ಯಾರೂ ನೋಡಿಲ್ಲ. ಬೀರು ಅಲ್ಲೇ, ಬಟ್ಟೆ ಅಲ್ಲೇ, ರತ್ನಿ ಅತ್ತೆ ಮಾತ್ರೆ ಡಬ್ಬಿ ಅಲ್ಲೇ. ಎಲ್ರೂ ಒಳಗೆ ಹೋಗ್ತಾರೆ, ಎಲ್ರೂ ಈಚೆ ಬರ್ತಾರೆ, ಪ್ರತಿಯೊಬ್ರೂ ಹೋಗ್ತಾ ಬರ್ತಾ ಹುಡ್ಗಿನ "ಯಾಕೆ ಸುಮ್ನೆ ಕುಂತೀಯ?" ಅಂತ ಕೇಳ್ತಾರೆ. ಹಿಂದಿನ ವಾರ ಅವ್ಳು ಬಾಗ್ಲು ಹಾಕ್ಕೊಂಡಿದ್ಲಂತೆ. ರತ್ನಿ ಬಾಗ್ಲ ಹೊರಗೆ ನಿಂತು, "ನಾನೇನೇ ತಪ್ಪು ಮಾಡ್ದೆ? ನಮ್ಮ ಮುಖ ನೋಡೋಕೂ ಬೇಡ್ವಾ ನಿಂಗೆ?" ಅಂತ ಅತ್ಲಂತೆ.

"ಅಮ್ಮನ ಮುಖ ನೋಡ್ಬೇಕು ಅಂತಾನೇ ಬಂದಿದೀನಿ ಅಜ್ಜಿ. ದಿನಾ ಒಂದು ಗಂಟೆ ನೋಡದೇ ಇದ್ರೆ ಉಳಿದಿದ್ದ ಹೊತ್ತು ನಗ್ನಗ್ತಾ ನೋಡ್ತೀನಿ. ಇದನ್ನ ಅಮ್ಮನಿಗೆ ಹೆಂಗೆ ಹೇಳ್ಲಿ?"

ಹೇಳೋಕಾಗಲ್ಲ. ನಂಗೆ ಗೊತ್ತು. ನಮ್ಮ ಕಡೆ ಬಾಗ್ಲು ಹಾಕ್ಕೊಂಡು ಕುಂತ್ರೆ ಒಂದು ಜ್ವರ ಬಂದಿರ್ಬೇಕು, ಇಲ್ಲ ಜಗಳ ಆಗಿರ್ಬೇಕು. ಮೂರ್ನೇದು ಇಲ್ಲ.

ನಂಗೆ ಸುಳ್ಳು ಅಂದ್ರೆ ಹೋಳಿಗೆ ಇದ್ದಂಗೆ, ದಿನಾ ಬೇಡ, ಅವಾಗವಾಗ ಬೇಕು. ಸಂಜೆ ರತ್ನಿ ಮನೆಗೆ ಹೋಗಿ ನಾನೇ ಶುರು ಮಾಡ್ದೆ. "ರತ್ನಿ, ನನ್ನ ಮಗ ಹೊಸ ಫೋನ್ ಕೊಡ್ಸವ್ನೆ. ಕನ್ನಡದಾಗೆ ಟೈಪ್ ಮಾಡೋದು ಕಲೀಬೇಕು. ನಿನ್ ಮಗಳನ್ನ ದಿನಾ ಮಧ್ಯಾಹ್ನ ಒಂದು ಗಂಟೆ ಕಳಿಸೇ."

"ಈ ವಯಸಲ್ಲಿ ಯಾರಿಗೆ ಮೆಸೇಜು ಮಾಡ್ಬೇಕು ದೊಡ್ಡಮ್ಮ?"

"ಯಾರಾದ್ರೂ ಸಿಗ್ತಾರೆ ಬಿಡೇ."

ಮಧ್ಯಾಹ್ನ ನಮ್ಮನೇಲಿ ನಾನೊಬ್ಳೇ. ಮಗ ಅಂಗಡೀಲಿ, ಸೊಸೆ ಸ್ಕೂಲಲ್ಲಿ ಪಾಠ ಮಾಡ್ತಿರ್ತಾಳೆ, ರಜ ಇದ್ರೆ ಅವ್ಳೂ ಅಂಗಡಿಗೇ ಹೋಗ್ತಾಳೆ, ಸಂಜೆಗೇ ಬರೋದು. ಹುಡ್ಗಿ ಕಂಬಳಿ ಮಡಚ್ಕೊಂಡು ಬರೋಳು. ರಾಗಿ ಚೀಲ, ಕಡ್ಲೆಕಾಯಿ ಚೀಲದ ನಡುವೆ ಹಾಸೋಳು. ಚಿಲಕ ಹಾಕ್ಕಳೋಳು. ನಾನು ಹೊರಗೆ ಹೊಸ್ಲ ಹತ್ರ ಚಾಪೆ ಹಾಕ್ಕೊಂಡು ಫೋನ್ ಹಿಡ್ಕೊಂಡು ಕುಂತಿರ್ತಿದ್ದೆ, ಕಲೀತಿರೋಳ ಥರ. ಯಾರಾದ್ರೂ ಬೀದೀಲಿ ಹೋದ್ರೆ ಜೋರಾಗಿ, "ಇದನ್ನ ಎಲ್ಲಿ ಒತ್ಬೇಕೇ?" ಅನ್ನೋದು. ಒಳಗಿನಿಂದ ಅವ್ಳು, "ಬಲಗಡೆ ಅಜ್ಜಿ!" ಅನ್ನೋಳು.

ಒಳಗೆ ಏನ್ಮಾಡ್ತಾಳೆ? ನಂಗೆ ತಡಿಯೋಕಾಗ್ಲಿಲ್ಲ. ಒಂದಿನ ಮೆಲ್ಲಗೆ ಹಿತ್ಲಿಗೆ ಹೋಗಿ, ಬಟ್ಟೆ ಒಗಿಯೋ ಕಲ್ಲು ಹತ್ತಿ, ಕಿಟಕೀಲಿ ಇಣುಕ್ದೆ. ಅಳ್ತಿರ್ಬೇಕು, ಇಲ್ಲ ಯಾವನ ಜತೆಗೋ ಫೋನಲ್ಲಿ ಮಾತಾಡ್ತಿರ್ಬೇಕು ಅಂದ್ಕಂಡಿದ್ದೆ. ಎರಡೂ ಇಲ್ಲ. ಅಂಗಾತ ಮಲಗಿ ಎರಡೂ ಪಾದ ಗೋಡೆಗೆ ಒರಗ್ಸಿ, ಹೊಟ್ಟೆ ಮೇಲೆ ಕೈಯಿಟ್ಕೊಂಡು, ಮೇಲಿನ ಜಂತೆ ನೋಡ್ತಿದ್ಲು. ಬಾಯಲ್ಲಿ ಸಣ್ಣಗೆ ಏನೋ ಹಾಡು, ಅವ್ಳ ತಾತ ಕುರಿ ತಿರುವುವಾಗ ಅಂತಿದ್ದ ಹುಯ್ ಹುಯ್ ಸದ್ದು ಸೇರಿಸ್ಕೊಂಡು. ಅಷ್ಟು ಹಗುರ ಮುಖ ಅವ್ಳದ್ದು ನಾನು ಅವ್ಳು ಲಂಗ ಹಾಕ್ತಿದ್ದ ಕಾಲದಿಂದ ನೋಡಿರ್ಲಿಲ್ಲ.

ಕಲ್ಲಿಂದ ಇಳಿಯೋಕೆ ಹೋಗಿ ಬಕೆಟ್ ಒದ್ದೆ. ಒಳಗಿಂದ ದನಿ ಬಂತು. "ಅಜ್ಜಿ, ಸಿನಿಮಾ ಚೆನ್ನಾಗೈತಾ?"

ಸುಮಾರು ದಿನ ಹಿಂಗೇ ನಡೀತು. ಹುಡ್ಗಿ ಮನೇಲಿ ನಗೋಕೆ ಶುರು ಮಾಡಿದ್ಲು. ಮನೆಗೆ ಬಂದೋರು ಬೇಡ ಅಂದ್ರೂ ಕಾಫಿ ತಂದು ಮುಂದಿಡೋಳು. ರತ್ನಿ ನಲ್ಲಿ ಹತ್ರ ಎಲ್ರಿಗೂ, "ನಮ್ ಹುಡ್ಗಿ ಈಗ ನಮ್ ಥರ ಆಗ್ತಿದಾಳೆ" ಅಂತ ಹೇಳ್ಕೊಂಡು ಓಡಾಡಿದ್ಲು. ನಾನು ಪಕ್ಕದಾಗೆ ಕೊಡ ಹಿಡ್ಕೊಂಡು, ಏನೂ ಗೊತ್ತಿಲ್ದೋಳಂಗೆ ನಿಂತಿದ್ದೆ.

ಆಗ ಬಂತು ನೋಡ್ರಿ ಪರೀಕ್ಷೆ. ಒಂದು ಸಂಜೆ ರತ್ನಿ ಬಂದು ಕುಂತು, "ದೊಡ್ಡಮ್ಮ, ಇಷ್ಟು ದಿನ ಕಲಿತ್ರಲ್ಲ. ಎಲ್ಲಿ, ನನ್ನ ಫೋನಿಗೊಂದು ಮೆಸೇಜು ಹಾಕ್ರಿ ನೋಡಾಣ," ಅಂದ್ಲು.

ನಂಗೆ ಫೋನ್ ತಲೆಕೆಳಗೆ ಹಿಡಿದೀನೋ ಸರಿ ಹಿಡಿದೀನೋ ಅದೇ ಗೊತ್ತಿರ್ಲಿಲ್ಲ. ಹುಡ್ಗಿ ಅವ್ಳಮ್ಮನ ಹಿಂದೆ ನಿಂತು ಬಾಯಿಗೆ ದುಪಟ್ಟ ಅಡ್ಡ ಇಟ್ಕೊಂಡಿದಾಳೆ. ಏನೋ ಒತ್ತಿದೆ. ರತ್ನಿ ಫೋನ್ ಟಿಣ್ ಅಂತು. ಗುಲಾಬಿ ಹೂವು, ಮೇಲೆ ಮಂಜಿನ ಹನಿ, ಕೆಳಗೆ ಶುಭ ಮುಂಜಾನೆ. ಸೂರ್ಯ ಮುಳುಗ್ತಿದ್ದ.

"ಇಷ್ಟು ದಿನಕ್ಕೆ ಇದಾ?" ಅಂತ ರತ್ನಿ ಮಗಳ ಕಡೆ ತಿರುಗಿದ್ಲು. "ಕಲ್ಸೋಕೆ ಬರಲ್ಲ ಅಂದ್ರೆ ಬಿಡು. ನಾಳೆಯಿಂದ ಮನೇಲಿರು. ಮಧ್ಯಾಹ್ನ ಹೊತ್ತು ನಂಗೂ ಜತೆ ಆಗ್ತೀಯ."

ಹುಡ್ಗಿ ಮುಖ ಬಾಡ್ತು. ನಂಗೆ ಅದನ್ನ ನೋಡೋಕಾಗ್ಲಿಲ್ಲ. "ಲೇ ರತ್ನಿ, ತಪ್ಪು ಅವ್ಳದಲ್ಲ. ನನ್ನ ಬುದ್ಧಿ ಮಂದ. ಒಂದು ವಾರ ಕೊಡು. ಆಗ್ಲೂ ಬರದಿದ್ರೆ ಬಿಡಿಸ್ಬಿಡು," ಅಂದೆ.

ಆ ವಾರ ನಾನು ಪಟ್ಟ ಪಾಡು ದೇವ್ರಿಗೇ ಗೊತ್ತು. ಹುಡ್ಗಿ ಒಳಗೆ ಹೋಗೋಕೆ ಮುಂಚೆ ಸ್ವಲ್ಪ ಹೊತ್ತು ಹೊಸ್ಲ ಮೇಲೆ ಕುಂತು ನಿಜವಾಗ್ಲೂ ಕಲ್ಸೋಳು. ಬೈಯೋಳಲ್ಲ. ನನ್ನ ಬೆರಳು ಹಿಡಿದು ಒತ್ಸೋಳೂ ಅಲ್ಲ. "ನೀನೇ ಒತ್ತು ಅಜ್ಜಿ, ತಪ್ಪಾದ್ರೆ ಅಳಿಸಾಣ. ಫೋನಲ್ಲಿ ಅಳಿಸಿದ್ದು ಯಾರಿಗೂ ಕಾಣಲ್ಲ," ಅನ್ನೋಳು. ಆಮೇಲೆ ಅವ್ಳು ಚಿಲಕ ಹಾಕ್ಕಳೋಳು. ನಾನು ಹೊರಗೆ ಕುಂತು ಕುಟ್ತಿದ್ದೆ. ಒಳಗೆ ಅವ್ಳು ಸುಮ್ನೆ, ಹೊರಗೆ ನಾನು ಸುಮ್ನೆ, ನಡುವೆ ಒಂದು ಬಾಗ್ಲು. ಆ ಒಂದು ಗಂಟೆಯಷ್ಟು ಹತ್ರ ನಾನು ಯಾರ ಜತೆಗೂ ಕುಂತಿಲ್ಲ ಅನ್ಸುತೈತೆ.

ವಾರ ಆದ್ಮೇಲೆ ರತ್ನಿಗೆ ನನ್ನ ಕೈಯಾರೆ ಮೆಸೇಜು ಹೋತು. "ನಿನ್ನ ಮಗಳು ಚೆನ್ನಾಗಿ ಕಲಿಸ್ತಾಳೆ. ನಂಗೆ ಇನ್ನೂ ಕಲಿಯೋದು ಬಾಳ ಐತೆ. ನಾಳೆನೂ ಕಳಿಸು." ರತ್ನಿ ಅದನ್ನ ಓಣಿಗೆಲ್ಲ ತೋರಿಸ್ಕೊಂಡು ಬಂದ್ಲು.

ಮಳೆಗಾಲದ ಹೊತ್ತಿಗೆ ಹುಡ್ಗಿಗೆ ಕೆಲ್ಸ ಸಿಕ್ತು. ಹಿರಿಯೂರ ಕಡೆ ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಪರೀಕ್ಷೆ ಮಾಡೋ ಒಂದು ಸಂಸ್ಥೆ. ಅವ್ಳು ಓದಿದ್ದೂ ಅದೇ, ಬೇಕಂದಿದ್ದೂ ಅದೇ. ಮನೆಯೋರು, ಆಯ್ತು, ದಿನಾ ಹೋಗಿ ಬಾ ಅಂದ್ರು. ಕತ್ತಲಲ್ಲಿ ಎದ್ದು ಹೋಗೋಳು, ಎರಡು ಬಸ್ಸು, ಆಮೇಲೆ ಹಳ್ಳಿ ತಿರುಗಾಟ, ವಾಪಸ್ ಎರಡು ಬಸ್ಸು. ಬಂದ ತಕ್ಷಣ ಹಾಲಲ್ಲಿ ಎಲ್ರ ನಡುವೆ ಕುಂತು ಊಟ. ರಾಗಿ ಕೋಣೆ ಭಾನುವಾರಕ್ಕೆ ಮಾತ್ರ ಅಂತಾತು. ಮುಖದ ಮೇಲಿನ ನಗು ಮತ್ತೆ ಮಾಯ ಆತು.

"ಅಲ್ಲೇ ಒಂದು ರೂಮು ಮಾಡ್ಕಂತೀನಿ. ವಾರಕ್ಕೊಂದ್ಸಲ ಬರ್ತೀನಿ," ಅಂತ ಒಂದಿನ ಕೇಳಿದ್ಲು.

ಮನೇಲಿ ಬೆಂಕಿ ಬಿತ್ತು. ರತ್ನಿ ಊಟ ಬಿಟ್ಲು. ಭೀಮಸಮುದ್ರದ ಅತ್ತೆ ಫೋನಲ್ಲೇ ಕೂಗಾಡಿದ್ಲು. ಮದ್ವೆ ಆಗದ ಹುಡ್ಗಿ, ಮನೆ ಇಷ್ಟು ಹತ್ರ ಇಟ್ಕೊಂಡು, ಒಬ್ಳೇ ರೂಮು ಮಾಡೋದಾ? ಜನ ಏನಂತಾರೆ? ಜರ್ಮನಿಗೆ ಹೋಗ್ತೀನಿ ಅಂದಾಗ ಒಬ್ರೂ ಬೇಡ ಅಂದಿರ್ಲಿಲ್ಲ. ಹಿರಿಯೂರಿಗೆ ಹೋಗ್ತೀನಿ ಅಂದ್ರೆ ಇಡೀ ಓಣಿ ಬೇಡ ಅಂತು.

ನಾನು ಬಾಯಿ ಹಾಕೋಕೆ ಹೋದೆ. ಲೈನ್‌ಮ್ಯಾನ್ ಕೈ ಮುಗ್ದ. "ದೊಡ್ಡಮ್ಮ, ನೀವು ಟೈಪಿಂಗ್ ನೋಡ್ಕಳ್ರಿ."

ಒಂದು ಭಾನುವಾರ ಮಧ್ಯಾಹ್ನ ಭೀಮಸಮುದ್ರದ ಅತ್ತೆ ಹೇಳ್ದೇ ಕೇಳ್ದೇ ಹೊಸದುರ್ಗದ ಒಂದು ಗಂಡಿನ ಫೋಟೋ ಹಿಡ್ಕೊಂಡು ಬಂದ್ಲು. ತೆಂಗಿನ ತೋಟದೋರಂತೆ. ಮಗಳನ್ನ ಕರಿಯೋಕೆ ರತ್ನಿ ನಮ್ಮನೆಗೆ ಓಡಿ ಬಂದ್ಲು. ನಾನು ಹೊಸ್ಲ ಹತ್ರ ಒಬ್ಳೇ ಫೋನ್ ಹಿಡ್ಕೊಂಡು ಕುಂತಿದೀನಿ. ಬಾಗ್ಲು ಹಾಕೈತೆ.

"ಎಲ್ಲಿ ಅವ್ಳು?"

"ಒಳಗೆ."

"ಒಳಗೇನ್ಮಾಡ್ತಾಳೆ? ನೀವ್ ಇಲ್ಲಿ, ಅವ್ಳು ಅಲ್ಲಿ!"

"ಏನೂ ಮಾಡಲ್ಲ ಕಣೇ."

"ಏನೂ ಮಾಡಲ್ಲ ಅಂದ್ರೆ? ದೊಡ್ಡಮ್ಮ, ಒಳಗೆ ಯಾರಿದಾರೆ?"

ಅವ್ಳ ಮುಖ ಬಿಳಿಚ್ಕೊಂಡಿತ್ತು. ಯಾವ್ದೋ ಹುಡುಗ ಅಂತ ಅಂದ್ಕಂಡಿದ್ಲು. ನಾನು ಉತ್ರ ಕೊಡೋಷ್ಟ್ರಲ್ಲಿ ಬಾಗ್ಲು ಬಡುದ್ಲು. ಚಿಲಕ ಸರೀತು. ಹುಡ್ಗಿ ಪಕ್ಕಕ್ಕೆ ನಿಂತ್ಲು. ರತ್ನಿ ಒಳಗೆ ಹೋಗಿ ನೋಡಿದ್ಲು. ಚೀಲದ ಹಿಂದೆ ನೋಡಿದ್ಲು. ಕಿಟಕಿ ನೋಡಿದ್ಲು. ಕರೀ ಕಂಬಳಿ, ಒಂದು ಚೊಂಬು ನೀರು. ಮತ್ತೇನೂ ಇಲ್ಲ.

"ಇಷ್ಟಕ್ಕಾ?" ಅಂದ್ಲು ರತ್ನಿ. "ಸುಮ್ನೆ ಕುಂತ್ಕಳೋಕೆ ಈ ಮನೆಗೆ ಬರ್ತಿದ್ದಾ? ನಮ್ಮನೇಲಿ ಸುಮ್ನೆ ಕುಂತ್ಕಳೋಕೆ ಜಾಗ ಇರ್ಲಿಲ್ವಾ?"

"ಇರ್ಲಿಲ್ಲಮ್ಮ," ಅಂದ್ಲು ಹುಡ್ಗಿ. ಮೆತ್ತಗೆ ಅಂದ್ಲು. "ನಿಂಗೂ ಇಲ್ಲ."

ಆ ಕಡೆಯಿಂದ ರತ್ನಿ ಅತ್ತೆ "ರತ್ನಾ, ನೀರು ಕೊಡೇ" ಅಂತ ಕೂಗ್ತಿದ್ಲು, ಬೀದೀಲಿ ಯಾರೋ ಲೈನ್‌ಮ್ಯಾನ್‌ನ ಕೇಳ್ತಿದ್ದ, ಭೀಮಸಮುದ್ರದೋಳು "ಎಲ್ಲಿಗ್ ಹೋದ್ಯೇ" ಅಂತಿದ್ಲು. ಎಲ್ಲ ಗೋಡೆಯಿಂದ ಕೇಳ್ತಾ ಇತ್ತು. ರತ್ನಿ ಒಂದು ನಿಮಿಷ ಆ ಕಂಬಳಿ ಹತ್ರನೇ ನಿಂತಿದ್ದು, ಸೆರಗು ಸರಿ ಮಾಡ್ಕೊಂಡು ಹೋದ್ಲು.

ಆಮೇಲೆ ನನ್ನ ಜತೆ ಮಾತು ಬಿಟ್ಲು. ನಲ್ಲಿ ಹತ್ರ ನನ್ನ ಕೊಡ ಮುಂದಿದ್ರೆ ಅವ್ಳು ಹಿಂದೆ ನಿಲ್ಲೋಳು. ನಾನು ಗುಲಾಬಿ ಹೂವು ಕಳಿಸ್ದೆ. ನೋಡಿದ್ಲು, ಉತ್ರ ಕೊಡ್ಲಿಲ್ಲ. ಹೊಸದುರ್ಗದ ಫೋಟೋ ಬಂದ ದಾರೀಲೇ ವಾಪಸ್ ಹೋತು ಅಂತ ಮಾತ್ರ ಗೋಡೆಯಿಂದ ತಿಳೀತು.

ಒಂದು ಸಂಜೆ ಬಂದ್ಲು. ಕೈಯಲ್ಲಿ ಪೇಪರ್ ಪೊಟ್ಟಣ. ನನ್ನ ಮುಂದೆ ಬಿಚ್ಚಿ ಇಟ್ಲು. ಹೊಸ ಕಬ್ಬಿಣದ ಚಿಲಕ, ಬೆರಳಷ್ಟು ದಪ್ಪ, ಸ್ಕ್ರೂ ಸಮೇತ.

"ಗಟ್ಟಿ ಐತಾ ನೋಡ್ರಿ ದೊಡ್ಡಮ್ಮ. ಹಿರಿಯೂರಾಗೆ ಬಾಡಿಗೆ ರೂಮಿಂದು ಹೆಂಗಿರ್ತೈತೋ ಏನೋ. ಅವ್ರಪ್ಪ ಹೋಗಿ ಹಾಕ್ಕೊಟ್ಟು ಬರ್ತಾರೆ."

ನಾನು ಎಳೆದು ನೋಡ್ದೆ. "ಗಟ್ಟಿ ಐತೆ ಕಣೇ."

"ಹೂಂ," ಅಂದ್ಲು. ಮತ್ತೆ ಪೇಪರಲ್ಲಿ ಸುತ್ತಿದ್ಲು, ಮಗೂಗೆ ಬಟ್ಟೆ ಸುತ್ತಿದಂಗೆ.

ಹೊರಡೋ ದಿನ ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅಪ್ಪ ಹಿಂದಿನ ದಿನವೇ ಸಾಮಾನು ಸಾಗಿಸಿ ಬಂದಿದ್ದ. ದುರ್ಗದ ಬಸ್ ಬಂತು. ಜನ ನುಗ್ಗಿದ್ರು. ಅವ್ಳು ನಮ್ಮ ಜತೆ ಮಾತಾಡ್ತಾ ನಿಂತಿದ್ದೋಳು ಹಂಗೇ ಹೆಗಲ ಮೇಲಿನ ದುಪಟ್ಟ ಕೈಗೆ ಸುತ್ಕೊಂಡು, ಒಂದೇ ಏಟಿಗೆ ಕಿಟಕಿ ಒಳಗೆ ಎಸುದ್ಲು. ಮೂರ್ನೇ ಸೀಟು, ಕಿಟಕಿ ಪಕ್ಕ. ನಂಗೆ ಚಪ್ಪಾಳೆ ತಟ್ಟೋಕೆ ಎತ್ತಿದ ಕೈ ಹಂಗೇ ನಿಂತ್ಹೋತು. ಅವ್ಳು ನಮ್ಮೋಳಾಗಿ ಮುಗಿಯೋ ಹೊತ್ತಿಗೇ ಹೊರಟಿದ್ಲು.

ಕಿಟಕಿಯಿಂದ ತಲೆ ಹಾಕಿ, "ಅಮ್ಮ, ಮುಂದಿನ ವಾರ ನೀನೇ ಬಾ. ನನ್ನ ಜತೆ ಇರು," ಅಂದ್ಲು.

"ಬೇಡ. ಮನೆ ಯಾರ್ ನೋಡ್ಕಂತಾರೆ?" ಅಂದ್ಲು ರತ್ನಿ.

"ಬಾ ಅಮ್ಮ."

"ಬೇಡ ಬಿಡು."

ಬಸ್ ಹೊರಡ್ತು. ಹುಡ್ಗಿ ಕುತ್ಗೆ ಈಚೆ ಹಾಕಿ ಕೂಗಿದ್ಲು. "ಮೂರ್ನೇ ಸಲ ಕೇಳ್ತಿದೀನಿ! ಬರ್ತೀಯ!"

ರತ್ನಿ ಸೆರಗು ಬಾಯಿಗಿಟ್ಕೊಂಡು ತಲೆ ಆಡ್ಸಿದ್ಲು. ಹೂಂ ಅಂತಲೋ ಊಹೂಂ ಅಂತಲೋ, ಧೂಳಲ್ಲಿ ನಂಗೆ ಕಾಣ್ಲಿಲ್ಲ.

ಕಂಬಳಿ ಬಿಟ್ಟು ಹೋಗವ್ಳೆ. ಬಂದಾಗ ಬೇಕಾಗ್ತೈತೆ, ಇಲ್ಲೇ ಇರ್ಲಿ ಅಜ್ಜಿ, ಅಂದಿದ್ಲು. ಮೊದ್ಲು ವಾರ ವಾರ ಬರೋಳು. ಈಗ ಕೆಲ್ಸ ಜಾಸ್ತಿ, ಎರಡು ವಾರ, ಮೂರು ವಾರ. ನಾನು ಮಧ್ಯಾಹ್ನ ಅಭ್ಯಾಸಬಲದಿಂದ ಹೊಸ್ಲ ಹತ್ರನೇ ಚಾಪೆ ಹಾಕ್ಕಂತೀನಿ. ಒಂದು ಗಂಟೆ ಕುಟ್ಟಿ, "ಲೇ, ಟೈಮಾತು ಏಳು" ಅಂತ ಬಾಗ್ಲು ತಟ್ಟಿಬಿಡ್ತೀನಿ. ಒಳಗೆ ರಾಗಿ ಚೀಲ. ಅವು ಏನಂತಾವೆ?

ಈ ನಡುವೆ ಒಂದು ಮಧ್ಯಾಹ್ನ ರತ್ನಿ ಬಂದು ಬಾಗ್ಲಲ್ಲಿ ನಿಂತ್ಲು. ಒಳಗೆ ಬರ್ಲಿಲ್ಲ. ಕೈಗೆ ಹತ್ತಿದ ಹಿಟ್ಟು ಸೆರಗಿಗೆ ಒರೆಸ್ಕೊಂಡ್ಲು.

"ದೊಡ್ಡಮ್ಮ, ಫ್ರೀ ಇದೀರಾ?"

ಮೂವತ್ತು ವರ್ಷದಲ್ಲಿ ಅವ್ಳು ನನ್ನ ಕೇಳಿ ಬಂದಿದ್ದು ಅವತ್ತೇ ಮೊದ್ಲು. ಬಾಯಿಗೆ ಬಂದ ಕೀಟಲೆ ನುಂಗ್ಕೊಂಡೆ. "ಬಾರೇ," ಅಂದೆ.

"ನಂಗೂ... ಆ ಟೈಪಿಂಗು ಕಲೀಬೇಕಿತ್ತು."

"ಕಲಿ. ಕಂಬಳಿ ಅಲ್ಲೇ ಐತೆ."

ಅವ್ಳು ತಲೆ ತಗ್ಗಿಸ್ಕೊಂಡು ಒಳಗೆ ಹೋದ್ಲು. ಚಿಲಕ ಹಾಕೋಕೆ ಬರ್ಲಿಲ್ಲ ಪಾಪ, ಎರಡ್ಮೂರು ಸಲ ಕಿರಗುಟ್ಟಿತು. ಕೊನೆಗೆ ಬಿತ್ತು. ಆ ಕಡೆ ಗೋಡೆಯಿಂದ "ರತ್ನಾ, ನೀರು ಕೊಡೇ" ಅಂತ ಕೂಗು ಬಂತು. ನಾನೇ ಎದ್ಹೋಗಿ ಆ ಮುದುಕಿಗೆ ನೀರು ಕೊಟ್ಟು, ನಿನ್ ಸೊಸೆ ನಮ್ಮನೇಲಿ ಪಾಠ ಕಲೀತಿದಾಳೆ ಅಂತ ಹೇಳಿ ಬಂದೆ.

ಈಗ ಇದನ್ನ ಬರೀತಿರೋವಾಗ್ಲೂ ಅವ್ಳು ಒಳಗೆ ಇದಾಳೆ. ದಿನಾ ಬರ್ತಾಳೆ. ನಿನ್ನೆ ಇದೇ ಹೊತ್ತಿಗೆ ನನ್ನ ಫೋನು ಹೊಡ್ಕಂತು. ಹಿರಿಯೂರು.

"ಅಜ್ಜಿ, ಅಮ್ಮ ಯಾಕೋ ಫೋನ್ ಎತ್ತಲ್ಲ. ಇವತ್ತು ರಜ, ರೂಮಲ್ಲಿ ಬಾಳ ಬೇಜಾರು. ಫೋನ್ ಅಡುಗೆ ಕಟ್ಟೆ ಮೇಲಿಡು ಅಂತ ಹೇಳೋಣ ಅಂತ ಮಾಡ್ದೆ. ಎಲ್ಲಿದಾಳೆ?"

"ನಮ್ಮನೇಲೇ ಇದಾಳೆ. ಟೈಪಿಂಗ್ ಕಲೀತಿದಾಳೆ."

 

"ಚಿಲಕ ಹಾಕ್ಕೊಂಡಿದಾಳಾ ಅಜ್ಜಿ?"

"ಹಾಕ್ಕೊಂಡಿದಾಳೆ."

"ಕರೀಬೇಡ," ಅಂದ್ಲು. "ಕರೀಬೇಡ ಅಜ್ಜಿ. ಆದ್ರೆ ಫೋನ್ ಕಟ್ ಮಾಡ್ಬೇಡ. ಅಲ್ಲೇ ಬಾಗ್ಲ ಹತ್ರ ಇಡು."

ರಾಗಿ ಕೋಣೆ ಹೊಸ್ಲಿಗೆ ಒಂದು ಲೋಟ ತಂದಿಟ್ಟು, ಫೋನ್ ಒರಗ್ಸಿ ಇಟ್ಟೆ. ನಾನು ಪಕ್ಕದಾಗೆ ಕುಂತ್ಕಂಡೆ. ಕೆಮ್ಮು ಬಂತು, ತಡ್ಕೊಂಡೆ.